ಏಳು ತೂತಿನ ಬಿಲ್ಲೆ

ಅಕ್ಕಿಯ ತಟ್ಟೆಗೆ ಚಾಚಿದ ಸುವರ್ಣಾಳ ಕೈಯನ್ನು ತೀರಿಹೋದ ವೆಂಕಟಗಿರಿಯ ತಮ್ಮ ಕಿಟ್ಟಿ ತಡೆದರು.

“ನೀನು ಸ್ವಲ್ಪ ಹಿಂದೆ ನಿಂತ್ಕೋಮ್ಮ. ಮೊದಲು ಮನೆಯೋರು ಹಾಕ್ಲಿ. ಆಮೇಲೆ ನೋಡೋಣ.”

ಮನೆಯವರಂತೆ! ಗೋವಿಂದರಾಜನಗರದ ಈ ಮನೆಯಲ್ಲಿ ಹದಿನೆಂಟು ವರ್ಷ ಉಂಡು ಬೆಳೆದವಳು ಸುವರ್ಣಾ. ಎಂಬತ್ತೆಂಟರಲ್ಲಿ, ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಗದಗಿನ ಪಾರವ್ವ ತೀರಿಕೊಂಡಾಗ, ಅವಳ ಎಂಟು ವರ್ಷದ ಮಗಳನ್ನು ವೆಂಕಟಗಿರಿ ಮತ್ತು ಅವರ ಹೆಂಡತಿ ಸತ್ಯವತಿ ಒಳಗೆ ಕರೆದುಕೊಂಡಿದ್ದರು. ದತ್ತಿನ ಕಾಗದ ಪತ್ರ ಯಾರಿಗೆ ನೆನಪಾಗಬೇಕು? ಈಗ ವೆಂಕಟಗಿರಿ ಚಾಪೆಯ ಮೇಲೆ ಮಲಗಿದ್ದರು. ಬಾಯಿಗೆ ಕೊನೆಯ ಅಕ್ಕಿ ಹಾಕಲು ಕಿಟ್ಟಿ, ಅವರ ಹೆಂಡತಿ ವಿಮಲಮ್ಮ, ಮಕ್ಕಳಾದ ಆತ್ರೇಯ, ಮಾಲವಿಕಾ ಸಾಲಾಗಿ ನಿಂತಿದ್ದರು. ಆ ‘ಆಮೇಲೆ’ ಬರುವುದಿಲ್ಲವೆಂದು ಸುವರ್ಣಾಳಿಗೆ ಗೊತ್ತಿತ್ತು. ನಾಲ್ಕು ಕಾಳು ಅಕ್ಕಿ ಹಾಕದಿದ್ದರೆ ತಾನು ಯಾರ ಮಗಳೂ ಅಲ್ಲ ಎನಿಸಿ ಅವಳಿಗೆ ಸಂಕಟವಾಯಿತು. ಕಿಟಕಿಯ ಬಿಸಿಲಿನಲ್ಲಿ ಊದುಬತ್ತಿಯ ಹೊಗೆ ಮೆಲ್ಲಗೆ ಸುತ್ತುತ್ತಿತ್ತು.

*

ವೆಂಕಟಗಿರಿ ರಾಜಾಜಿನಗರದ ವರ್ಕ್‌ಶಾಪೊಂದರಲ್ಲಿ ಲೇತಿನಲ್ಲಿ ಕಬ್ಬಿಣ ಕಡೆಯುವ ಟರ್ನರ್ ಆಗಿದ್ದರು. ಸುವರ್ಣಾ ಚಿಕ್ಕವಳಿದ್ದಾಗ ಒಂದು ದಿನ, ಕೆಟ್ಟುಹೋದ ಕಬ್ಬಿಣದ ಬಿಲ್ಲೆಯನ್ನು ಮನೆಗೆ ತಂದಿದ್ದರು. ಅಂಚಿನಲ್ಲಿ ಏಳು ತೂತು.

“ಮುನ್ನೂರ ಅರವತ್ತು ಡಿಗ್ರೀನ ಏಳು ಪಾಲು ಮಾಡ್ಬೇಕಿತ್ತು ಕಣೇ. ಐವತ್ತೊಂದು ಹಿಡ್ದು ಚೂರುಪಾರು ಬಿಟ್ಬಿಟ್ಟೆ. ಬಿಟ್ಟಿದ್ದೆಲ್ಲ ಕೊನೇದರ ತಲೆಮೇಲೆ ಬಂತು. ನೋಡು, ಈ ಸಂದು ಎಷ್ಟು ದೊಡ್ಡದಾಗಿದೆ.”

“ಬಿಟ್ಟಿದ್ದು ಎಷ್ಟು, ಮಾಮ?”

“ಪಾಯಿಂಟ್ ನಾಲ್ಕು ಎರಡು ಎಂಟು ಐದು ಏಳು ಒಂದು. ಮತ್ತೆ ನಾಲ್ಕು ಎರಡು ಎಂಟು... ಮುಗಿಯೋದೇ ಇಲ್ಲ!”

ಸೀಮೆಸುಣ್ಣದಲ್ಲಿ ಆ ಆರು ಅಂಕಿಗಳನ್ನು ನೆಲದ ಮೇಲೆ ಬಳೆಯಂತೆ ದುಂಡಗೆ ಬರೆದರು. ಒಂದರಿಂದ ಓದಿದರೆ ೧೪೨೮೫೭. ಅದನ್ನು ಎರಡರಿಂದ ಗುಣಿಸಿದರೆ ೨೮೫೭೧೪, ಮೂರರಿಂದ ೪೨೮೫೭೧. ಆರರವರೆಗೂ ಅದೇ ಬಳೆ. ಶುರುವಾಗುವ ಜಾಗ ಮಾತ್ರ ಬೇರೆ.

“ಏಳರಿಂದ?”

“ನೀನೇ ಮಾಡಿ ನೋಡು.”

ಬೆರಳು ಮಡಿಚಿ, ತುಟಿ ಕಚ್ಚಿ, ಸುವರ್ಣಾ ಗುಣಿಸಿದಳು. ೯೯೯೯೯೯! ಅವಳು ಕೂಗಿದ ಕೂಗಿಗೆ ಸತ್ಯವತಿ ಅಡುಗೆಮನೆಯಿಂದ ಇಣುಕಿದರು.

“ಬರೀರಿ, ಅಪ್ಪ ಮಗಳು ಸೇರಿ ಮನೆ ತುಂಬ ಬರೀರಿ. ಒರೆಸೋಕೆ ನಾನಿದೀನಲ್ಲ!”

*

ಸತ್ಯವತಿ ಗೋಡೆ ಹಿಡಿದು ಎದ್ದರು.

“ಕಿಟ್ಟಿ, ಸಾಲು ಬೇಡಪ್ಪ. ಎಲ್ಲ ಅವರ ಸುತ್ತ ನಿಂತ್ಕೊಳ್ಳಿ.”

“ಅತ್ತಿಗೆ, ಪದ್ಧತಿ ಅಂತ ಒಂದಿದೆ. ಮೊದಲು ಯಾರು, ಕೊನೆಗೆ ಯಾರು ಅಂತ...”

“ದುಂಡಗೆ ನಿಂತ್ಮೇಲೆ ಯಾರು ಮೊದಲು, ಯಾರು ಕೊನೆ? ನಿಮ್ಮಣ್ಣ ಇಷ್ಟು ವರ್ಷ ಇದನ್ನೇ ಹೇಳಿ ನನ್ನ ತಲೆ ತಿಂದ್ರು. ಬಾರೇ ಸುವರ್ಣಾ, ನಿನ್ನಿಂದ್ಲೇ ಶುರುವಾಗ್ಲಿ.”

ಕಿಟ್ಟಿ ಅಣ್ಣನ ಮುಖ ನೋಡಿದರು. ಕಣ್ಣೊರೆಸಿಕೊಂಡು, ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಆರು ಜನ ಸುತ್ತ ನಿಂತರು. ಏಳನೆಯವರು ನಡುವೆ ಮಲಗಿದ್ದರು. ಸುವರ್ಣಾ ಬಗ್ಗಿ ಅಕ್ಕಿ ಹಾಕಿ, ಕಿವಿಯ ಹತ್ತಿರ ಮೊದಲ ಸಲ “ಅಪ್ಪಾ” ಅಂದಳು. ತಟ್ಟೆ ಕೈಯಿಂದ ಕೈಗೆ ಹೋಯಿತು. ಹೊಗೆಯಲ್ಲಿ, ಕಣ್ಣೀರಿನಲ್ಲಿ, ಸುತ್ತಲಿನ ಮುಖಗಳೆಲ್ಲ ಅವಳಿಗೆ ಒಂದೇ ಆಗಿ ಕಂಡವು.

ಗಂಡಸರು ಅವರನ್ನು ಎತ್ತಿಕೊಂಡು ಹೋದರು. ಇನ್ನು ಮನೆ ಗುಡಿಸಿ ತೊಳೆಯಬೇಕು. ಸುವರ್ಣಾ ಪೊರಕೆ ಹಿಡಿದು ಬಂದಳು. ನಡುವೆ ಬರಿಯ ನೆಲ. ಸುತ್ತಲೂ, ಎಲ್ಲರ ಕೈಯಿಂದ ಜಾರಿದ ಅಕ್ಕಿಕಾಳು, ಎಲ್ಲೂ ಸಂದಿಲ್ಲದೆ ಬಿದ್ದಿತ್ತು.

ಎಲ್ಲಿಂದ ಗುಡಿಸಲು ಶುರು ಮಾಡಬೇಕೆಂದು ತಿಳಿಯದೆ ಅವಳು ಬಹಳ ಹೊತ್ತು ನಿಂತೇ ಇದ್ದಳು.