ಕಾವೇರಿಯ ರೊಟ್ಟಿಗೆ ಬೆರೆಸಿದ ತವುಡು

ಕಾವೇರಿ ಮತ್ತೆ ಹಿತ್ತಲ ಗೋಡೆ ಹಿಡಿದು ನಿಂತಿದ್ದಳು. ಮುಖ ಕೆಂಪಾಗಿತ್ತು, ಕಾಲು ಬಿಗಿಯಾಗಿ ಜೋಡಿಸಿಕೊಂಡಿದ್ದಳು. ನಾಲ್ಕು ವರ್ಷದ ಕೂಸಿಗೆ ಹೊರಕಡೆಗೆ ಕೂರುವುದೆಂದರೆ ಜೀವಭಯ. ಕೂತರೆ ನೋವು, ಕೂರದಿದ್ದರೆ ಹೊಟ್ಟೆ ಕಲ್ಲು.

"ಕೂಡವಾ ನನ್ನ ಬಂಗಾರ," ಎಂದು ಅಜ್ಜಿ ರೇವವ್ವ ರಮಿಸಿದಳು.

"ಒಲ್ಲೆ ಆಯಿ! ಉರೀತೈತಿ!"

ನಾರಿನಂಶ ಹೆಚ್ಚು ಕೊಡಿರೆಂದು ಸಿಂದಗಿಯ ಡಾಕ್ಟರು ಹೇಳಿದ್ದರು. ಅಂದಿನಿಂದ ಸೊಸೆ ಪ್ರಿಯದರ್ಶಿನಿ ಹಿಟ್ಟು ಸಾಣಿಸಿ ಉಳಿದ ತವುಡನ್ನು ಎಮ್ಮೆಗೆ ಹಾಕದೆ ಮಗಳ ರೊಟ್ಟಿಗೆ ಬೆರೆಸುತ್ತಿದ್ದಳು.

"ಎಮ್ಮಿ ಪಾಲು ಕಸಗೊಂಡು ಕೂಸಿಗೆ ಹಾಕ್ತಿ, ನಾಳಿ ಇಕಿನೂ ಹಾಲು ಕೊಟ್ಟಾಳು ನೋಡ!" ಎಂದು ರೇವವ್ವ ಮೊದಲ ದಿನ ನಕ್ಕಿದ್ದಳು.

"ಡಾಕ್ಟರ್ ಹೇಳ್ಯಾರ್ರಿ ಅತ್ತಿ."

ವಾರ ಕಳೆಯಿತು. ಹೊಟ್ಟೆ ಸಡಿಲಾಗಲಿಲ್ಲ, ಇನ್ನಷ್ಟು ಬಿಗಿಯಿತು. ಸೊಸೆ ಇನ್ನೊಂದು ಹಿಡಿ ತವುಡು ಹೆಚ್ಚಿಸಿದಳು. ಅಳು, ರಮಿಸುವುದು, ಮತ್ತೆ ಅಳು. ಇಬ್ಬರು ಹೆಂಗಸರಿಗೂ ಸಾಕುಸಾಕಾಗಿತ್ತು.

ಆ ಸಂಜೆ ರೇವವ್ವ ಎಮ್ಮೆಯ ಬಾನಿಗೆ ಉಳಿದಷ್ಟು ತವುಡು ಸುರಿದು ಒಂದು ಕೊಡ ನೀರು ಹಾಕಿದಳು. ತವುಡು ನೀರೆಲ್ಲ ಹೀರಿ ಉಬ್ಬಿತು. ಇನ್ನೊಂದು ಕೊಡ ಎತ್ತಿದವಳು ಹಾಗೇ ನಿಂತಳು. ಒಣ ತವುಡು ಹಾಕಿದರೆ ಎಮ್ಮೆಗೆ ಹೊಟ್ಟೆ ಕಟ್ಟುತ್ತದೆಂದು ಯಾವತ್ತೂ ನೀರಲ್ಲಿ ನೆನೆಸದೆ ಹಾಕಿದವಳಲ್ಲ. ಕೂಸು ಹಾಸಿಗೆ ತೋಯಿಸುತ್ತದೆ, ಮಧ್ಯಾಹ್ನದ ಮೇಲೆ ನೀರು ಕೊಡಬೇಡ ಎಂದು ಸೊಸೆಗೆ ಹೇಳಿದವಳೂ ಅವಳೇ.

ಒಳಗೆ ಬಂದು, "ಕೂಸಿಗೆ ನೀರು ಕೊಡ," ಎಂದಳು.

"ಹಾಸಿಗಿ ತೋಯಿಸ್ತಾಳ್ರಿ. ನೀವ ಬ್ಯಾಡ ಅಂದಿದ್ರಿ."

"ಅಂದಿದ್ದೆ. ತಪ್ಪಾತು. ನೀರಿಲ್ದ ಆ ತವಡು ಹೊಟ್ಟ್ಯಾಗ ಗಟ್ಟಿಯಾಗಿ ಕುಂತೈತಿ."

ಪ್ರಿಯದರ್ಶಿನಿ ಒಲೆಯ ಮುಂದೆ ಕೂತಳು. "ನೀರು ಕೇಳಿದಾಗೆಲ್ಲ ಬೈದೇನ್ರಿ ಅತ್ತಿ."

"ನನ್ನ ಮಾತು ಕೇಳಿ ಬೈದಿ. ಏಳ ಈಗ."

ತವುಡು ನಿಲ್ಲಿಸಿದರು. ಕಾವೇರಿ ನೀರನ್ನು ಗಟಗಟನೆ ಕುಡಿದು, ಖಾಲಿ ಲೋಟ ಮತ್ತೆ ಚಾಚಿದಳು. ಆ ರಾತ್ರಿ ಹಾಸಿಗೆ ತೋಯಿತು, ಮರುದಿನವೂ ತೋಯಿತು. ಅತ್ತೆ ಸೊಸೆ ಕೌದಿ ಒಗೆದು ಹಿಂಡಿ ಹಾಕಿದರು.

ಕೆಲವು ದಿನಗಳ ಮೇಲೆ ಒಂದು ಮುಂಜಾನೆ ಕಾವೇರಿ ತಾನಾಗಿಯೇ ಹಿತ್ತಲಿಗೆ ಹೋಗಿ ಕೂತಳು. ಒಂದಿಷ್ಟು ಮುಲುಗಿದಳು, ಅಳಲಿಲ್ಲ.

"ಆಯಿ, ಆತು!"

ಒಳಗೆ ಅತ್ತೆ ಸೊಸೆ ಇಬ್ಬರೂ ದಣಿದು ಗೋಡೆಗೆ ಒರಗಿದ್ದರು.

"ನೀ ಹೋಗವಾ, ತೊಳದ ಬಾ."

"ನೀವ ಹೋಗ್ರಿ ಅತ್ತಿ. ನನ್ನ ಕಾಲು ಏಳವಲ್ವು."

"ಆಯಿ, ಬಾ ಲಗೂನ!"

ರೇವವ್ವ ಮೊಣಕಾಲಿಗೆ ಕೈಯೂರಿ ಎದ್ದು, ಚರಿಗೆಗೆ ನೀರು ತುಂಬಿಕೊಂಡು ಹೊರಟಳು.