ಆಚೆ ದಡದ ಫ್ಲೋರ್ ಮ್ಯಾನೇಜರ್

ನಮ್ಮ ಊರಿನ ಎತ್ತರದ ಕಟ್ಟಡಕ್ಕೂ ನದಿಯಾಚೆಯ ಊರಿನ ಎತ್ತರದ ಕಟ್ಟಡಕ್ಕೂ ನಡೆಯುತ್ತಿದ್ದ ಜಗಳ ನನ್ನ ಮದುವೆಗಿಂತ ಹಳೆಯದು. ನಾವು ಐವತ್ತು ಮಹಡಿ ಕಟ್ಟಿದರೆ ಅವರು ಐವತ್ತೆರಡು ಕಟ್ಟಿದರು. ನಾವು ಸುಮ್ಮನಿರುತ್ತೇವೆಯೇ? ನೆತ್ತಿಯ ಮೇಲೆ ಉಕ್ಕಿನ ಮುಳ್ಳೊಂದನ್ನು ನೆಟ್ಟೆವು. ಅವರು ಬಾವುಟದ ಕಂಬ ನಿಲ್ಲಿಸಿದರು. ಮುಳ್ಳನ್ನು ಎತ್ತರಕ್ಕೆ ಸೇರಿಸಬೇಕೋ ಬೇಡವೋ ಎಂದು ಎರಡೂ ಊರಿನ ದೊಡ್ಡವರು ವರ್ಷಗಟ್ಟಲೆ ಕಚ್ಚಾಡಿದರು. ಮುಳ್ಳಿನ ಮೇಲೆ ಕಾಗೆ ಕೂತರೆ ಅದನ್ನೂ ಸೇರಿಸಿ ಅಳೆಯಿರಿ ಎಂದು ನಾನು ಅಂಗಡಿಗೆ ಬಂದವರನ್ನು ನಗಿಸುತ್ತಿದ್ದೆ. ಅಳತೆಯ ವಿಷಯದಲ್ಲಿ ನನ್ನ ಮಾತಿಗೆ ಒಂದಿಷ್ಟು ತೂಕವಿತ್ತು, ಯಾಕೆಂದರೆ ನಾನು ದರ್ಜಿ.

ನಗಿಸುತ್ತಿದ್ದೆನೇ ಹೊರತು ಆ ಹುಚ್ಚು ನನಗೂ ಇತ್ತು. ನನ್ನ ಅಂಗಡಿ ಅದೇ ಮುಳ್ಳಿನ ಕಟ್ಟಡದ ಕೆಳಗೆ, ಲಿಫ್ಟಿನ ಬಾಗಿಲಿಗೆ ಎದುರಾಗಿತ್ತು. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಬಟ್ಟೆ ಬದಲಿಸಲು ಪರದೆ ಕಟ್ಟಿದ ಒಂದು ಮೂಲೆ, ಅಷ್ಟೇ. ನನ್ನ ಭಾಮೈದ, ಅಂದರೆ ಹೆಂಡತಿಯ ತಮ್ಮ, ಆಚೆ ಊರಿನಲ್ಲಿದ್ದ. ಅವನು ಫೋನು ಮಾಡಿದರೆ ಕ್ಷೇಮ ಸಮಾಚಾರಕ್ಕಿಂತ ಮೊದಲು ಕಟ್ಟಡದ ಸಮಾಚಾರ.

"ಭಾವ, ನಿಮ್ಮ ಮುಳ್ಳಿಗೆ ತುಕ್ಕು ಹಿಡಿದಿದೆಯಂತೆ?"

"ತುಕ್ಕು ಹಿಡಿಯೋಕೆ ಮುಳ್ಳಾದ್ರೂ ಇದೆ. ನಿಮ್ಮದು ಬಟ್ಟೆ ಒಣಗಿಸೋ ಕೋಲು."

ಆ ಎತ್ತರದಲ್ಲಿ ಒಂದು ಕುರ್ಚಿಯೂ ನನ್ನದಲ್ಲ, ಅವನದ್ದಂತೂ ಅಲ್ಲವೇ ಅಲ್ಲ. ಆದರೂ ಇಬ್ಬರೂ ನಮ್ಮ ಅಪ್ಪನ ಆಸ್ತಿ ಎಂಬಂತೆ ಹೊಡೆದಾಡುತ್ತಿದ್ದೆವು.

ಊರಿನ ವ್ಯಾಪಾರ ಹೇಗಿದೆ ಎಂದು ಪತ್ರಿಕೆ ಓದಿ ತಿಳಿಯುವ ಗತಿ ನನಗಿರಲಿಲ್ಲ. ಕಾಲ ಚೆನ್ನಾಗಿದ್ದಾಗ ಕಚೇರಿಯವರು ಪ್ಯಾಂಟಿನ ಸೊಂಟ ಲೂಸು ಮಾಡಿಸಲು ಬರುತ್ತಿದ್ದರು. ಕೋಟಿನ ಜೇಬಿನ ಮೇಲೆ ಕಂಪನಿಯ ಬ್ಯಾಡ್ಜು ಹೊಲಿಸಲು ಸಾಲುಗಟ್ಟುತ್ತಿದ್ದರು. ಆಮೇಲೆ ಸೊಂಟ ಟೈಟು ಮಾಡಿಸುವವರು ಬಂದರು. ಕೊನೆಗೆ ಬಂದವರೆಲ್ಲ ಬ್ಯಾಡ್ಜು ಬಿಚ್ಚಿಸಲು ಬಂದವರೇ. ಕೆಲಸ ಹೋಗಿತ್ತು, ಕೋಟು ಉಳಿದಿತ್ತು. ನಾನು ಬ್ಲೇಡಿನ ತುದಿಯಿಂದ ಹೊಲಿಗೆ ಕೀಳುತ್ತಿದ್ದೆ. ಬಿಸಿಲು ಕಾಣದ ಬಟ್ಟೆ ಬ್ಯಾಡ್ಜಿನ ಆಕಾರದಲ್ಲೇ ಕಡುಬಣ್ಣವಾಗಿ ಉಳಿಯುತ್ತಿತ್ತು. "ಇದು ಹೋಗಲ್ವಾ?" ಎಂದು ಎಲ್ಲರೂ ಕೇಳುತ್ತಿದ್ದರು. ಹೋಗುವುದಿಲ್ಲ. ಹೊಲಿಗೆಯ ತೂತು ಕಾಣದಿರಲಿ ಎಂದು ನಾನು ಅದೇ ಬಣ್ಣದ ನೂಲಿನಲ್ಲಿ ಓರೆಯಾಗಿ ಮೂರು ಸಣ್ಣ ಹೊಲಿಗೆ ಹಾಕಿ ಕಳಿಸುತ್ತಿದ್ದೆ. ಅವರೂ ಮುಗಿದ ಮೇಲೆ ನಾನು ಅಂಗಡಿಯಲ್ಲಿ ಕೂತು ನೊಣ ಹೊಡೆದೆ.

ಆ ಹೊತ್ತಿನಲ್ಲೇ ನನ್ನ ಹೆಂಡತಿ ಫ್ಲೋರ್ ಮ್ಯಾನೇಜರ್ ಆದಳು. ನಗಬೇಡಿ, ಕತ್ತಿಗೆ ಹಾಕಿಕೊಳ್ಳುವ ಕಾರ್ಡಿನಲ್ಲಿ ಹಾಗೇ ಬರೆದಿತ್ತು. ಮೊದಲು ಅವಳು ಅದೇ ಕಟ್ಟಡದ ಮಹಡಿಗಳನ್ನು ಗುಡಿಸುತ್ತಿದ್ದಳು. ಮಹಡಿಗಳು ಖಾಲಿಯಾದ ಮೇಲೆ ಗುಡಿಸುವುದೇನು? ಆದರೆ ಕತ್ತಲೆ ಕಟ್ಟಡ ಆಚೆ ದಡದವರ ಕಣ್ಣಿಗೆ ಬಿದ್ದರೆ ಊರಿನ ಮಾನ ಹೋಗುತ್ತದಲ್ಲ! ಆದ್ದರಿಂದ ಸಂಜೆಯಾದ ಕೂಡಲೇ ಖಾಲಿ ಮಹಡಿಗಳ ದೀಪ ಹಾಕುವುದು, ಒಂದೊಂದಾಗಿ ಆರಿಸುವುದು ಅವಳ ಕೆಲಸವಾಯಿತು. ಆಚೆಯವರು ಎಷ್ಟು ಮಹಡಿ ಹಚ್ಚಿದ್ದಾರೆ ಎಂದು ನೋಡಿ ಹೇಳುವುದಕ್ಕೆ ಒಂದು ದುರ್ಬೀನನ್ನೂ ಕೊಟ್ಟಿದ್ದರು.

ಅವಳು ಅದನ್ನು ಕಾಟಾಚಾರಕ್ಕೆ ಮಾಡಲಿಲ್ಲ. ಎಲ್ಲ ದೀಪ ಒಟ್ಟಿಗೆ ಆರಿಸಿದರೆ ಯಾರು ನಂಬುತ್ತಾರೆ ಎನ್ನುತ್ತಿದ್ದಳು. ಒಂಬತ್ತನೇ ಮಹಡಿಯವನ ಹೆಂಡತಿ ಬಸುರಿ, ಬೇಗ ಮನೆಗೆ ಹೋಗುತ್ತಾನೆ. ಹನ್ನೊಂದನೆಯದರಲ್ಲಿ ಇರುವವನು ಜಿಪುಣ, ಒಂದೇ ದೀಪ. ಇಪ್ಪತ್ತನೆಯದರಲ್ಲಿ ಇಬ್ಬರಿಗೆ ಜಗಳ, ಮೀಟಿಂಗು ಮುಗಿಯುವುದೇ ಇಲ್ಲ.

"ಇವತ್ತು ಒಂಬತ್ತನೆಯವನು ಯಾಕೆ ಇನ್ನೂ ಹೋಗಿಲ್ಲ?" ಎಂದು ನಾನು ಕಾಲೆಳೆದರೆ, "ಅತ್ತೆ ಬಂದಿದ್ದಾರೆ ರೀ, ಮನೆಗೆ ಹೋಗೋಕೆ ಮನಸಿಲ್ಲ" ಎನ್ನುತ್ತಿದ್ದಳು.

ತಮ್ಮನಿಗೆ ಫೋನಿನಲ್ಲಿ ಹೇಳುವಾಗ ಮಾತ್ರ ಸ್ವಿಚ್ಚಿನ ಮಾತಿಲ್ಲ. "ಈಗ ನಾನು ಫ್ಲೋರ್ ಮ್ಯಾನೇಜರ್ ಕಣೋ" ಎಂದಳು. ಅದು ಸುಳ್ಳೂ ಅಲ್ಲ. ಕೆಲವು ತಿಂಗಳ ನಂತರ ಅವನೇ ಫೋನು ಮಾಡಿದ.

"ಅಕ್ಕ, ನಂಗೂ ಬಡ್ತಿ ಸಿಕ್ತು. ಫ್ಲೋರ್ ಮ್ಯಾನೇಜರ್!"

ಅವಳು ಫೋನಿಟ್ಟು ನನ್ನ ಮುಖ ನೋಡಿದಳು. ಕಣ್ಣಲ್ಲಿ ನೀರು. "ನೋಡಿದ್ರಾ, ನಮ್ಮ ಹುಡುಗ ಮೇಲೆ ಬಂದ."

"ನೀನೂ ಫ್ಲೋರ್ ಮ್ಯಾನೇಜರೇ ಅಲ್ವೇನೇ?" ಎಂದೆ.

"ನಂದು ಬಿಡಿ. ನಮ್ಮ ಊರಿನದು ಹೆಸರಿಗೆ. ಅಲ್ಲಿ ಹಾಗಲ್ಲ."

"ಅಲ್ಲಿ ಹೇಗೆ ಅಂತ ನಿಂಗೆ ಹೇಗೆ ಗೊತ್ತು?"

"ನನ್ನ ತಮ್ಮ ಸುಳ್ಳು ಹೇಳೋನಲ್ಲ" ಎಂದು ಮೂತಿ ತಿರುವಿದಳು. ಮಾರನೆಯ ಸಂಜೆ ನನ್ನನ್ನು ಹದಿನಾಲ್ಕನೇ ಮಹಡಿಗೆ ಎಳೆದುಕೊಂಡು ಹೋಗಿ ದುರ್ಬೀನು ಕೈಗಿಟ್ಟಳು. "ದೀಪ ನೋಡ್ಬೇಡಿ. ದೀಪ ನಾನೂ ಹಚ್ತೀನಿ. ಜನ ನೋಡಿ, ಜನ."

ನೋಡಿದೆ. ಆಚೆ ದಡದ ಕಿಟಕಿಗಳಲ್ಲಿ ಜನ ನಿಂತಿದ್ದರು. ಕೋಟು ತೊಟ್ಟ ಗಂಡಸರು, ಹೆಂಗಸರು. ಒಬ್ಬ ಫೋನು ಕಿವಿಗಿಟ್ಟುಕೊಂಡಿದ್ದ. ಒಬ್ಬಳು ಫೈಲು ಹಿಡಿದಿದ್ದಳು. ಅಷ್ಟು ದೂರದಿಂದಲೂ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಕೋಟುಗಳ ಹೊಲಿಗೆ. ಭುಜದ ಮೇಲೆ ಒಂದು ಸುಕ್ಕಿಲ್ಲ, ಬೆನ್ನಿನಲ್ಲಿ ಒಂದು ಮಡಿಕೆಯಿಲ್ಲ. ಅಷ್ಟು ಚೆಂದ ಕೂರುವ ಕೋಟು ಹೊಲಿಸುವವರಿದ್ದರೆ ಆ ಊರಿನಲ್ಲಿ ದರ್ಜಿಗೆ ಕೆಲಸವಿರಲೇಬೇಕು ಎಂದುಕೊಂಡೆ. ಉಸಿರಾಡುವ ಮನುಷ್ಯನ ಮೈಮೇಲೆ ಕೋಟು ಎಂದಾದರೂ ಹಾಗೆ ಕೂತದ್ದುಂಟೇ? ಇಡೀ ಆಯುಷ್ಯ ಕೋಟು ಹೊಲಿದವನಿಗೆ ಆ ಪ್ರಶ್ನೆ ಹೊಳೆಯಲಿಲ್ಲ. ಹೊಳೆಯುವುದು ನನಗೆ ಬೇಡವಾಗಿತ್ತು.

ಆಚೆ ಊರಿಗೆ ಹೋಗುವುದು ಎಂದಾಯಿತು. ಅಂಗಡಿಯ ಬೀಗದ ಕೈ ಕೊಡಲು ಹೋದಾಗ ಕಟ್ಟಡದ ಮೇಲ್ವಿಚಾರಕ ತಲೆಯೆತ್ತದೆ ಹೇಳಿದ, "ಕೊಟ್ಟ ಮೇಲೆ ಮತ್ತೆ ವಾಪಸ್ ಕೊಡಿ ಅಂತ ಬರಬೇಡಿ. ಶಟರ್ ಮೇಲೆ ಚಿತ್ರ ಅಂಟಿಸಿ ಸೀಲ್ ಮಾಡ್ಬಿಡ್ತೀವಿ. ಖಾಲಿ ಅಂಗಡಿ ಕಂಡ್ರೆ ಚೆನ್ನಾಗಿರಲ್ಲ."

"ಏನು ಚಿತ್ರ?"

"ಯಾವ್ದೋ ಒಂದು. ಮೇಲಿನವ್ರು ಪ್ರಿಂಟ್ ಮಾಡಿ ಕಳಿಸ್ತಾರೆ, ನಾವು ಅಂಟಿಸ್ತೀವಿ."

ನಾನು ಬೀಗದ ಕೈಯನ್ನು ಮೇಜಿನ ಮೇಲಿಟ್ಟೆ. ಮದುವೆಯಾದ ವರ್ಷ ತೆರೆದ ಅಂಗಡಿ ಅದು. ಅದರ ಹೊರತು ನನಗೆ ಈ ಭೂಮಿಯ ಮೇಲೆ ನಿಲ್ಲಲು ಬೇರೆ ಜಾಗ ಇರಲಿಲ್ಲ. ಇಟ್ಟ ಮೇಲೂ ಬೆರಳು ಅದರ ಮೇಲೇ ಇತ್ತು. ಬಾಗಿಲ ಹೊರಗಿದ್ದ ಹೆಂಡತಿ ನೋಡಿದಳು, ನೋಡದವಳಂತೆ ಹೊಲಿಗೆ ಯಂತ್ರಕ್ಕೆ ಹಗ್ಗ ಬಿಗಿದಳು.

ದೋಣಿಯಲ್ಲಿ ಅವಳಿಗೆ ಎಲ್ಲಿಲ್ಲದ ಹುರುಪು. "ಕೆಳಗಡೆ ಅಂಗಡಿ ಸಾಲೇ ಇದೆಯಂತೆ. ತಮ್ಮ ಹೇಳ್ತಿದ್ದ. ಹೂವಿನಂಗಡಿ, ಬೇಕರಿ, ಪುಸ್ತಕದಂಗಡಿ. ಮಧ್ಯೆ ನಿಮ್ಮದೊಂದು."

ಭಾಮೈದ ದಡಕ್ಕೆ ಬಂದಿದ್ದ. ನಮ್ಮನ್ನು ನೋಡಿ ನಕ್ಕ, ಆದರೆ ಯಂತ್ರವನ್ನು ನೋಡಿದ ಕೂಡಲೇ ಅವನ ನಗು ಇಳಿದುಹೋಯಿತು. ನಾಲ್ಕು ದಿನ ಇದ್ದು ಹೋಗಲು ಬರುವವರು ಹೊಲಿಗೆ ಯಂತ್ರ ಹೊತ್ತು ತರುವುದಿಲ್ಲ. ಅವನು ಕಟ್ಟಡದ ಮಾತೇ ಎತ್ತಲಿಲ್ಲ. 

ಅಂಗಡಿ ಸಾಲು ದೂರದಿಂದ ಚೆನ್ನಾಗಿಯೇ ಇತ್ತು. ಹೂವಿನಂಗಡಿಯ ಬಕೆಟ್ಟುಗಳಲ್ಲಿ ಹೂವು, ಬೇಕರಿಯ ಗಾಜಿನ ಹಿಂದೆ ಬ್ರೆಡ್ಡು. ಹತ್ತಿರ ಹೋಗಿ ಹೂವಿನ ಮೇಲೆ ಕೈಯಿಟ್ಟೆ. ತಗಡು. ಶಟರಿಗೆ ಅಂಟಿಸಿದ್ದ ಚಿತ್ರದ ಒಂದು ಮೂಲೆ ಕಿತ್ತುಬಂದು ಗಾಳಿಗೆ ಪಟಪಟ ಎನ್ನುತ್ತಿತ್ತು. ನಾನು ಅದನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿದೆ. ಯಾಕೆ ಅಂಟಿಸಿದೆನೋ ಗೊತ್ತಿಲ್ಲ.

ಹೆಂಡತಿ ತಮ್ಮನ ಹಿಂದೆ ಲಿಫ್ಟು ಹತ್ತಿದಳು. ಮೇಲೆ ಬಾಗಿಲು ತೆರೆದರೆ ಉದ್ದದ ಖಾಲಿ ಹಜಾರ. ಕಿಟಕಿಯ ಉದ್ದಕ್ಕೂ ಬಟ್ಟೆ ಅಂಗಡಿಯ ಬೊಂಬೆಗಳು ಕೋಟು ತೊಟ್ಟು ನದಿಯ ಕಡೆ ಮುಖ ಮಾಡಿ ನಿಂತಿದ್ದವು. ಹಿಂದಿನಿಂದ ನೋಡಿದರೆ ಎಲ್ಲರ ಬೆನ್ನಿಗೂ ಗುಂಡುಸೂಜಿ. ಕೋಟಿನ ಹೆಚ್ಚಿನ ಬಟ್ಟೆಯನ್ನೆಲ್ಲ ಹಿಂದಕ್ಕೆ ಎಳೆದು ಚುಚ್ಚಿದ್ದರು. ಭುಜದಲ್ಲಿ ಸುಕ್ಕು ಬೀಳದಿದ್ದ ಗುಟ್ಟು ಅದು.

ಅವಳು ಒಂದೇ ಮಾತು ಕೇಳಿದಳು. "ನಾವು ಬರ್ತೀವಿ ಅಂದಾಗ ಬೇಡ ಅನ್ನೋಕೆ ಏನಾಗಿತ್ತೋ ನಿಂಗೆ?"

"ನೀನು ನೋಡ್ಕೊಂಡು ಹೋಗೋಕೆ ಬರ್ತೀಯ ಅಂದ್ಕೊಂಡೆ ಅಕ್ಕ. ಅಂಗಡಿ ಬಿಟ್ಟು ಬರ್ತೀಯ ಅಂತ ನಂಗೇನು ಗೊತ್ತು?" ಅವನು ಕತ್ತಿನ ಕಾರ್ಡನ್ನು ಜೇಬಿಗೆ ತುರುಕಿಕೊಂಡ. "ನಿಮ್ಮ ಕಡೆ ದೀಪ ಒಂದೊಂದಾಗಿ ಆರೋದು ನೋಡಿ, ಅಲ್ಲಿ ನಿಜವಾಗ್ಲೂ ಕೆಲಸ ಇದೆ ಅಂತ ನಾನೇ ಗಂಟುಮೂಟೆ ಕಟ್ಟಿ ಕೂತಿದ್ದೆ. ನಿನ್ನ ಹತ್ರ ಒಂದು ಕೆಲಸ ಕೇಳೋಣ ಅಂತ. ಫ್ಲೋರ್ ಮ್ಯಾನೇಜರ್ ಅಂದ್ರೆ ನಿಂಗೆ ಅಷ್ಟಾದ್ರೂ ಆಗುತ್ತೆ ಅಂದ್ಕೊಂಡೆ."

ಯಾರಿಗೂ ನಗು ಬರಲಿಲ್ಲ. ಮುಳ್ಳು, ಕಂಬ ಎಂದು ವರ್ಷಗಟ್ಟಲೆ ಎತ್ತಿ ಆಡಿದವರು ನಾವು. ಆ ದಿನ ಒಬ್ಬರಿಗೊಬ್ಬರು ಮುಖ ಕೊಡಲಾಗದೆ ಬೊಂಬೆಗಳ ಬೆನ್ನು ನೋಡುತ್ತ ನಿಂತೆವು.

ಆಮೇಲೆ ನಾವೂ ಅಲ್ಲೇ ಕೆಲಸಕ್ಕೆ ಸೇರಿದೆವು. ಬೇರೆ ದಾರಿ ಏನಿತ್ತು? ಅವಳಿಗೆ ದೀಪದ ಕೆಲಸ, ನನಗೆ ಬೊಂಬೆಗಳ ಕೋಟಿನ ಕೆಲಸ. ಯಂತ್ರ ಭಾಮೈದನ ಮನೆಯ ಓಣಿಯಂಥ ಮೊಗಸಾಲೆಯಲ್ಲಿ ನಿಂತಿದೆ, ಅದರ ಮೇಲೆ ಮನೆಯವರು ಛತ್ರಿ, ಚೀಲ ಇಡುತ್ತಾರೆ. ಬೊಂಬೆಗೆ ಹೊಲಿಗೆ ಬೇಕಿಲ್ಲ, ಗುಂಡುಸೂಜಿ ಸಾಕು.

ಕೋಟುಗಳು ಮೂಟೆಯಲ್ಲಿ ಬರುತ್ತವೆ, ಯಾರೋ ತೊಟ್ಟು ಬಿಟ್ಟ ಹಳೆಯವು. ಒಂದು ದಿನ ಒಂದನ್ನು ಕೊಡವಿ ಬೊಂಬೆಯ ತೋಳಿಗೆ ಏರಿಸುವಾಗ ಜೇಬಿನ ಮೇಲೆ ಕಡುಬಣ್ಣದ ಚೌಕ ಕಂಡಿತು. ಬೆರಳಾಡಿಸಿದೆ. ಓರೆಯಾಗಿ ಮೂರು ಸಣ್ಣ ಹೊಲಿಗೆ. ನನ್ನವೇ. ಬ್ಯಾಡ್ಜು ಬಿಚ್ಚಿಸಿಕೊಂಡವನ ಮುಖ ನೆನಪಾಗಲಿಲ್ಲ, "ಇದು ಹೋಗಲ್ವಾ?" ಎಂದ ದನಿ ನೆನಪಾಯಿತು. ನಾನು ಆ ಬೊಂಬೆಯ ಮುಂದೆ ಕೂತು ಅತ್ತೆ. ಅತ್ತು, ಎದ್ದು, ಸೂಜಿ ಚುಚ್ಚಿದೆ.

ಮೊನ್ನೆ ಸಂಜೆ ನಾನು ಬೊಂಬೆಯೊಂದರ ಬೆನ್ನಿಗೆ ಸೂಜಿ ಚುಚ್ಚುತ್ತ ಕೂತಿದ್ದೆ. ಹೆಂಡತಿ ಕಿಟಕಿಯ ಹತ್ತಿರ ದುರ್ಬೀನು ಹಿಡಿದು ಈಗ ಆಚೆ ದಡವಾಗಿರುವ ನಮ್ಮ ಊರಿನ ಮಹಡಿಗಳನ್ನು ನೋಡುತ್ತಿದ್ದಳು. ಇಲ್ಲಿಯೂ ಅದು ಅವಳ ಕೆಲಸವೇ.

"ಒಂಬತ್ತನೆಯವನು ಇನ್ನೂ ಹೋಗಿಲ್ಲ" ಎಂದಳು, ತನ್ನಷ್ಟಕ್ಕೆ. ಆಮೇಲೆ ದುರ್ಬೀನನ್ನು ಕಟ್ಟಡದ ಬುಡಕ್ಕೆ ಇಳಿಸಿದಳು. "ರೀ, ಬನ್ನಿ ಇಲ್ಲಿ. ನಮ್ಮ ಅಂಗಡಿ ತೆಗೆದಿದೆ."

ಎದ್ದು ಹೋಗಿ ದುರ್ಬೀನು ಕಣ್ಣಿಗಿಟ್ಟೆ. ಕಟ್ಟಡದ ಬುಡದಲ್ಲಿ, ಗಾಜಿನ ಬಾಗಿಲಿನ ಒಳಗೆ, ಲಿಫ್ಟಿನ ಎದುರು, ನನ್ನ ಅಂಗಡಿಯ ಜಾಗದಲ್ಲಿ ಬೆಳಕಿತ್ತು. ಗೋಡೆಯ ತುಂಬ ಬಟ್ಟೆಯ ಥಾನುಗಳು. ಕುತ್ತಿಗೆಗೆ ಟೇಪು ಹಾಕಿಕೊಂಡ ದರ್ಜಿಯೊಬ್ಬ ಯಂತ್ರದ ಮುಂದೆ ಕೂತು ನಗುತ್ತಿದ್ದ. ನಾನು ಕಾದೆ. ಅವನ ನಗು ಮುಗಿಯಲಿಲ್ಲ. ಕೈಯಲ್ಲಿದ್ದ ಬಟ್ಟೆ ಸೂಜಿಯ ಕೆಳಗಿಂದ ಸರಿಯಲಿಲ್ಲ. ಅದು ಏನೆಂದು ನನಗೆ ಗೊತ್ತಾಯಿತು, ಗೊತ್ತಾದರೂ ಅವನನ್ನು ನೋಡಿ ನನ್ನ ಹೊಟ್ಟೆ ಉರಿಯಿತು.

"ಎಷ್ಟು ಬೇಗ ಯಾರಿಗೋ ಕೊಟ್ಬಿಟ್ರು ನೋಡಿ" ಎಂದಳು ಅವಳು. ಪಕ್ಕದ ಬೊಂಬೆಯ ತೋಳನ್ನು ಹಿಡಿದುಕೊಂಡಿದ್ದಳು. "ವ್ಯಾಪಾರ ಜೋರಾಗಿರಬೇಕು, ಇಲ್ದಿದ್ರೆ ಈ ಹೊತ್ತಲ್ಲೂ ಕೂತಿರ್ತಾನಾ? ನನ್ನ ಮಾತು ಕಟ್ಕೊಂಡು ಬಂದ್ರಿ ನೀವು. ಇನ್ನೊಂದು ನಾಲ್ಕು ದಿನ ತಡ್ಕೊಂಡಿದ್ರೆ ಅಲ್ಲಿ ನೀವೇ ಕೂತಿರ್ತಿದ್ರಿ. ಅಲ್ವಾ?"

ಅದು ಬರೀ ಕಾಗದ ಕಣೇ ಎಂದು ಹೇಳಬಹುದಿತ್ತು. ಹೇಳಿದರೆ ಅವಳ ತಪ್ಪು ಅಳಿಸಿಹೋಗುತ್ತಿತ್ತು, ಜೊತೆಗೆ ಅವಳು ನಂಬಿಕೊಂಡಿದ್ದ ಆಚೆ ದಡವೂ. ಅವಳು ಉತ್ತರಕ್ಕೆ ಕಾಯುತ್ತ ನನ್ನನ್ನೇ ನೋಡುತ್ತಿದ್ದಳು. ನನ್ನ ಬಾಯಿಯ ತುಂಬ ಗುಂಡುಸೂಜಿಗಳಿದ್ದವು. ಹೂಂ ಎಂದೆ.