ಅಕ್ಕನ ಮೂಗಿನ ಸಿಂಹ

ಅಕ್ಕ ಬಟ್ಟೆ ಹೊಲಿಯುವವಳು, ತಂಗಿ ಮಣ್ಣಿನಲ್ಲಿ ಪ್ರಾಣಿಗಳನ್ನು ಮಾಡಿ ಸುಡುವವಳು. ಇಬ್ಬರ ಮನೆಗಳ ನಡುವೆ ಇರುವುದು ಎರಡೇ ಬೀದಿ. ಆದರೂ ಎರಡು ವರ್ಷದಿಂದ ಮಾತಿಲ್ಲ, ಕತೆಯಿಲ್ಲ. ಕಾರಣ ಇಷ್ಟೇ: ಸಂಬಂಧಿಕರ ಮದುವೆಯಲ್ಲಿ ಅಕ್ಕ ಮೈಕು ಹಿಡಿದು ಹಾಡುತ್ತಿದ್ದಾಗ, ಮುಂದೆಯೇ ಕೂತಿದ್ದ ತಂಗಿ ಕಿಸಕ್ಕನೆ ನಕ್ಕಿದ್ದಳು.

ತಂಗಿಯ ಕೈಯಲ್ಲಿ ಯಾವ ಪ್ರಾಣಿಯೂ ಸುಮ್ಮನೆ ಪ್ರಾಣಿಯಾಗಿ ಉಳಿಯುತ್ತಿರಲಿಲ್ಲ. ಗೂಬೆ ಗಗನಯಾತ್ರಿಯ ಉಡುಪು ತೊಡುತ್ತಿತ್ತು. ಮತ್ಸ್ಯಕನ್ಯೆ ಮೊಬೈಲಿನಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದಳು. ಆ ವರ್ಷದ ಪ್ರದರ್ಶನಕ್ಕೆ ಪುರಾಣಕಾಲದ ರೆಕ್ಕೆಯ ಸಿಂಹವೊಂದನ್ನು ಎರಡಡಿ ಎತ್ತರಕ್ಕೆ ಮಾಡಿ, ಕೈಗೊಂದು ಮೈಕು ಕೊಟ್ಟಳು. ಕಣ್ಣು ಮುಚ್ಚಿ, ಬಾಯಿ ಗುಹೆಯಷ್ಟು ತೆರೆದು ಹಾಡುವ ಸಿಂಹ. ಮೂಗು ಮಾತ್ರ ಸಿಂಹದ್ದಲ್ಲ.

ಪ್ರದರ್ಶನ ನೋಡಿ ಬಂದ ಗಿರಾಕಿಯೊಬ್ಬಳು ಅಂಗಿಯ ಅಳತೆ ಕೊಡುತ್ತಾ ಅಕ್ಕನಿಗೆ, "ನಿಮ್ಮನ್ನ ಅಲ್ಲಿ ನೋಡ್ದೆ, ಬಾಲ ತುಂಬಾ ಚೆನ್ನಾಗಿದೆ" ಅಂದುಬಿಟ್ಟಳು.

ಪ್ರದರ್ಶನ ಮುಗಿದು ಸಿಂಹ ವಾಪಸ್ಸು ಬಂದ ದಿನವೇ ಅಕ್ಕ, ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದಂತೆಯೇ, ತಂಗಿಯ ಕೆಲಸದ ಕೋಣೆಗೆ ನುಗ್ಗಿದಳು. ತಂಗಿ ಮೊಣಕೈವರೆಗೆ ಹಸಿಮಣ್ಣು ಮೆತ್ತಿಕೊಂಡು ಕೂತಿದ್ದಳು.

"ಇದು ಯಾರ ಮೂಗು?"

"ಸಿಂಹದ್ದು, ಅಕ್ಕಾ."

"ನನ್ನ ಕಿವಿ ಮೇಲೆ ಹೂ ಇಡ್ಬೇಡ."

ಅಕ್ಕ ಟೇಪು ಎಳೆದು ಸಿಂಹದ ಮೂಗು ಅಳೆದಳು. ಗೋಡೆಯ ಕನ್ನಡಿಯ ಮುಂದೆ ನಿಂತು ತನ್ನದನ್ನೂ ಅಳೆದಳು. "ನೋಡು, ಅರ್ಧ ಇಂಚು ಜಾಸ್ತಿ! ಮಾಡೋದೇ ಆದ್ರೆ ಅಳತೆ ಸರಿಯಾಗಿ ತಗೋಬೇಕು ತಾನೆ?"

"ನೀನು ಮಾತೇ ಆಡ್ತಿರ್ಲಿಲ್ಲ. ನೆನಪಲ್ಲೇ ಮಾಡ್ದೆ."

ಅಕ್ಕ ಸ್ಟೂಲಿನ ಮೇಲೆ ಕುಸಿದಳು. ತಂಗಿ ಕೈ ಒರೆಸಿಕೊಳ್ಳುತ್ತಾ, "ಅವತ್ತು ನಾನು ನಗಬಾರ್ದಿತ್ತು" ಅಂದಳು.

"ನೀನು ನಕ್ಕಿದ್ದಕ್ಕಲ್ಲ ಕಣೇ ಸಿಟ್ಟು. ಹುಟ್ಟಿದಾಗಿಂದ ನಗ್ತಾನೇ ಇದೀಯ. ನಿನ್ನ ನೋಡಿ ಜನ ಎಲ್ಲಾ ನಕ್ಕರಲ್ಲ, ನಂಗೆ ಮುಂದಿನ ಸಾಲೇ ಮರೆತುಹೋಯ್ತು. ಭೂಮಿ ಬಾಯಿಬಿಡಬಾರ್ದಾ ಅನ್ನಿಸ್ತು."

ಅಕ್ಕ ಜಂಬದಿಂದಲೇ ಹಾಡು ನಿಲ್ಲಿಸಿ ಹೊರಟುಹೋದಳೆಂದು ತಂಗಿ ಇಷ್ಟು ದಿನವೂ ತಿಳಿದಿದ್ದಳು. ಅವಳ ಮುಖ ಸಪ್ಪಗಾಯಿತು. "ತಪ್ಪಾಯ್ತು, ಅಕ್ಕಾ. ಇದನ್ನ ಒಡೆದು ಹಾಕ್ಲಾ?"

"ಒಡೆದು ನೋಡು, ಕೈ ಮುರೀತೀನಿ! ಗಂಟಲು ಚೆನ್ನಾಗೇ ಬಂದಿದೆ. ಆದ್ರೆ ಹಾಡೋವಾಗ ನಾನು ಕಣ್ಣು ಮುಚ್ಚಲ್ಲ. ಇನ್ನೊಂದು ಮಾಡು."

ಇನ್ನೊಂದು ಮಾಡಿದಳು, ಅಕ್ಕ ಎದುರಿಗೆ ಕೂತು ಹಾಡುತ್ತಿರುವಾಗಲೇ. ಈ ಸಲ ಹಾಡು ಕೊನೆಯವರೆಗೂ ಸಾಗಿತು. ತಂಗಿ ತುಟಿ ಕಚ್ಚಿಕೊಂಡಿದ್ದಳು, ಆ ಮಾತು ಬೇರೆ. ಒಣಗಿಸಿ, ಸುಟ್ಟು, ಬಣ್ಣ ಹಚ್ಚಿ, ಮತ್ತೆ ಸುಟ್ಟು ಆವಿಗೆಯಿಂದ ಹೊರತೆಗೆದರೆ ಎಡರೆಕ್ಕೆ ಸೀಳಿತ್ತು. ತಂಗಿ ತಲೆಯ ಮೇಲೆ ಕೈ ಹೊತ್ತು ಕೂತಳು. ಅಕ್ಕನಿಗೆ ರೆಕ್ಕೆ ಕಾಣಲೇ ಇಲ್ಲ. ತೆರೆದ ಕಣ್ಣುಗಳನ್ನೇ ನೋಡುತ್ತಾ, "ಇವಳು ಯಾವ ಜನಕ್ಕೂ ಹೆದರೋಳಲ್ಲ ಕಣೇ" ಅಂದಳು. ಯಾರಿಗೂ ಮುಟ್ಟಲು ಬಿಡದೆ, ಸಿಂಹವನ್ನು ಎದೆಗವಚಿಕೊಂಡು, ಏದುಸಿರು ಬಿಡುತ್ತಾ ಮನೆಗೆ ನಡೆದಳು.

ಈಗ ರಜೆಯ ದಿನವೆಲ್ಲ ಅಕ್ಕ ತಂಗಿಯ ಕೋಣೆಯಲ್ಲೇ ಇರುತ್ತಾಳೆ. ಕಳೆದ ವಾರ ಅರೆಬರೆ ಒಣಗಿದ ಆಮೆಯೊಂದರ ಸುತ್ತ ಎರಡು ಸುತ್ತು ಬಂದು ನಿಂತಳು.

"ಇದು ನಿಮ್ಮ ಭಾವನ ತಲೆ ಅಲ್ವೇನೇ?"

"ಭಾವಂಗೆ ಹೇಳ್ಬೇಡ, ಅಕ್ಕಾ."

"ನಾನ್ಯಾಕೆ ಹೇಳ್ಲಿ? ಬಣ್ಣ ಹಚ್ಚೋವಾಗ ನೆತ್ತಿ ಇನ್ನೂ ಚೆನ್ನಾಗಿ ಮಿಂಚ್ಬೇಕು, ನೋಡ್ಕೋ."